ಮೂತಿ ಲಾರಿಯ ಸ್ಟೇರಿಂಗು

ಪೀಣ್ಯದ ನಮ್ಮ ಪೇಂಟಿಂಗ್ ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್, ನನ್ನ ಬಾಯಿಗೆ ಹೆದರದವರಿಲ್ಲ. ಬಣ್ಣ ಹೊಡೆದ ತಗಡಿನ ಮೇಲೆ ಒಂದು ಬೆರಳಚ್ಚು ಕಂಡರೆ ಸಾಕು, ಅದು ಯಾರ ಬೆರಳು ಅಂತ ಪತ್ತೆಹಚ್ಚಿ ಅವರ ಜನ್ಮ ಜಾಲಾಡಿಬಿಡುತ್ತೇನೆ. ಮಾಲೀಕರ ಎದುರಿಗೇ ನಿಂತು ‘ಈ ಥಿನ್ನರ್ ಕಳಪೆ, ಬೇಕಾದರೆ ನೀವೇ ಮೂಸಿ ನೋಡಿ’ ಅಂದವಳು ನಾನು. ಇಂಥವಳಿಗೆ ಮನೆಯಲ್ಲಿ ಅಪ್ಪನಿಗೆ ‘ಇನ್ನು ಲಾರಿ ಓಡಿಸಬೇಡ’ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಅಂದುಬಿಟ್ಟಿದ್ದರೆ ಒಂದು ಹೊತ್ತಿನ ಜಗಳದಲ್ಲಿ ಮುಗಿದುಹೋಗುತ್ತಿತ್ತು.

ನಮ್ಮದು ಮಾಕಳಿ. ಅಜ್ಜನ ಕಾಲದ ರಾಗಿ ಹೊಲವೆಲ್ಲ ಫ್ಯಾಕ್ಟರಿಗಳ ಪಾಲಾಗಿ, ಉಳಿದ ತುಂಡು ಜಾಗದಲ್ಲಿ ಮನೆ, ಮನೆಯ ಹಿಂದೆ ಬಾಡಿಗೆಗೆ ಕೊಟ್ಟ ಶೀಟಿನ ರೂಮುಗಳು, ಮುಂದೆ ಹೊಂಗೆ ಮರದ ಕೆಳಗೆ ಅಪ್ಪನ ಲಾರಿ. ಈಗಿನ ಚಪ್ಪಟೆ ಮುಖದ ಲಾರಿಯಲ್ಲ. ಎಂಜಿನ್ನು ಮುಂದಕ್ಕೆ ಚಾಚಿಕೊಂಡಿರುವ ಹಳೇ ಮೂತಿ ಲಾರಿ. ಮರಳು, ಇಟ್ಟಿಗೆ, ಆಮೇಲೆ ಪೀಣ್ಯದ ಕಬ್ಬಿಣ, ಎಲ್ಲ ಹೊತ್ತು ಅದು ನಮ್ಮನ್ನು ಸಾಕಿತ್ತು. ಬಾಡಿಗೆ ಹೊಡೆಯುವುದು ನಿಂತು ಎಷ್ಟೋ ಕಾಲವಾಗಿದ್ದರೂ ಅಪ್ಪ ಅದನ್ನು ಮಾರಿರಲಿಲ್ಲ. ಹಳೇ ಗಾಡಿಗಳ ಹುಚ್ಚಿರುವವರು ವೈಟ್‌ಫೀಲ್ಡಿನಿಂದ ಬಂದು, ಸುತ್ತಲೂ ನಿಂತು ಫೋಟೋ ತೆಗೆದುಕೊಂಡು, ‘ಯಜಮಾನ್ರೇ ಕೊಡ್ತೀರಾ’ ಅಂತ ಕೇಳಿ ಹೋಗಿದ್ದಾರೆ. ಅಪ್ಪ ಅವರಿಗೆ ಟೀ ಕೊಟ್ಟ, ಲಾರಿ ಕೊಡಲಿಲ್ಲ.

ಶುಕ್ರವಾರ ಬಂತೆಂದರೆ ಅದಕ್ಕೆ ಸ್ನಾನ. ಗಾಜು ಒರೆಸಿ, ಊದುಬತ್ತಿ ಹಚ್ಚಿ, ಸ್ಟಾರ್ಟ್ ಮಾಡಿ, ಸರ್ವೀಸ್ ರೋಡಿನ ತನಕ ಒಂದು ಸುತ್ತು ಹೋಗಿ ಬರುವುದು. ಎಂಬತ್ತು ದಾಟಿದ ಮೇಲೂ ಅದು ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಹೋದದ್ದು ವಾಪಸ್ ಬರುವುದಿಲ್ಲ ಅಂದಿದ್ದರು. ಅಪ್ಪನಿಗೆ ಅದನ್ನು ‘ಸ್ವಲ್ಪ ಮಂಜಂತೆ’ ಅಂತ ತಿರುಚಿ ಹೇಳಿದ್ದೆ. ಅಲ್ಲಿಂದಲೇ ಶುರುವಾಯಿತು ನನ್ನ ಜಾಣತನ.

ಹೋದ ವರ್ಷ ಧನುರ್ಮಾಸದ ಒಂದು ಶುಕ್ರವಾರ, ಸ್ಕೂಲಿನ ಹತ್ತಿರದ ತಿರುವಿನಲ್ಲಿ ಅಪ್ಪ ಎಡಕ್ಕೆ ಎಳೆದಿದ್ದಾನೆ. ಎಡಗಡೆ ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದ ಹೆಂಗಸು ಲಾರಿಗೆ ಹೆದರಿ ಚರಂಡಿಗೆ ಇಳಿದುಬಿಟ್ಟಳು. ಮಗುವಿನ ಮೊಣಕೈ ತರಚಿತು, ಅಷ್ಟೇ. ಆಕೆ ಮನೆ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದಳು. ಬೈಯಲಿ, ನಾನಾಗಿದ್ದರೆ ಹೊಡೆದೇಬಿಡುತ್ತಿದ್ದೆ. ಅಪ್ಪ ಮಾತ್ರ, ಹಾರ್ನ್ ಹೊಡೆದಿದ್ದೆನಲ್ಲ ತಾಯಿ, ಅಂತ ಮತ್ತೆ ಮತ್ತೆ ಹೇಳುತ್ತಿದ್ದ. ಆಕೆ ಅಲ್ಲಿದ್ದದ್ದೇ ಅವನಿಗೆ ಕಂಡಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆ ಮಗು ನನ್ನನ್ನೇ ನೋಡುತ್ತಾ ನಿಂತಿತ್ತು.

ಅವತ್ತೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಅಂದರೆ, ನಾನು ಗಂಡನ ಮನೆ ಬಿಟ್ಟು ಬಂದಾಗ ಅಪ್ಪ ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಫೋನು ಮಾಡಿ ‘ಅಪ್ಪ, ಬಂದ್ಬಿಡ್ತೀನಿ’ ಅಂದೆ, ಮಧ್ಯಾಹ್ನಕ್ಕೆ ಆನೇಕಲ್ಲಿನ ಆ ಬೀದಿಯಲ್ಲಿ ಈ ಲಾರಿ ಬಂದು ನಿಂತಿತ್ತು. ನನ್ನ ಬೀರು, ಮಂಚ, ಹೊಲಿಗೆ ಮಿಷನ್ನು ಎಲ್ಲ ಹೇರಿಕೊಂಡು, ಆ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಅಪ್ಪ ತಲೆ ಎತ್ತಿಕೊಂಡು ಓಡಿಸಿದ. ದಾರಿಯುದ್ದಕ್ಕೂ ಡೀಸೆಲ್ ರೇಟಿನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅಂಥವನಿಗೆ ಆ ಸ್ಟೇರಿಂಗ್ ಬಿಟ್ಟು ಇಳಿ ಅಂತ ಯಾವ ಬಾಯಲ್ಲಿ ಹೇಳಲಿ ಅಂದುಕೊಂಡೆ. ಹೇಳದೆ ಕಿತ್ತುಕೊಳ್ಳುವುದು ಅದಕ್ಕಿಂತ ಮೇಲು ಅಂತ ಆಗ ಅನ್ನಿಸಿತ್ತಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ.

ಆ ಕಾಲದ ಲಾರಿಗಳಿಗೆ ಸ್ಟೇರಿಂಗ್ ಲಾಕ್ ಇರುತ್ತಿರಲಿಲ್ಲ. ಹಿಂದೊಮ್ಮೆ ಗೆಳೆಯನ ಗಾಡಿ ಕಳುವಾದ ಮೇಲೆ ಅಪ್ಪ ಗುಜರಿಯಲ್ಲಿ ಹುಡುಕಿ, ಬೇರೆ ಗಾಡಿಯ ಲಾಕೊಂದನ್ನು ತಂದು ತನ್ನ ಸ್ಟೇರಿಂಗ್ ಕಂಬಕ್ಕೆ ಕೂರಿಸಿದ್ದ. ಕೀ ತೆಗೆದು ಸ್ಟೇರಿಂಗನ್ನು ಕೊಂಚ ತಿರುಗಿಸಿದರೆ ಒಳಗಿನ ಕಬ್ಬಿಣದ ನಾಲಿಗೆ ಕಂಬವನ್ನು ಟಕ್ಕನೆ ಕಚ್ಚಿಕೊಳ್ಳುತ್ತದೆ. ಮತ್ತೆ ಕೀ ಹಾಕಿ ತಿರುಗಿಸುವ ತನಕ ಬಿಡುವುದಿಲ್ಲ. ಮೊದಲು ಕೀ ಬಚ್ಚಿಡೋಣ ಅಂದುಕೊಂಡೆ. ಆದರೆ ಹಿಂದೆ ಒಂದು ಸಲ ಕೀ ಕಳೆದಾಗ ಅಪ್ಪ ಹಿಂದಿನ ರೂಮಿನವರ ಮೇಲೆ ಅನುಮಾನಪಟ್ಟು ದೊಡ್ಡ ರಾದ್ಧಾಂತವಾಗಿತ್ತು. ಹಾಗಾಗಿ ಆ ಭಾನುವಾರ ಅಪ್ಪ ಎಣ್ಣೆ ಸ್ನಾನಕ್ಕೆ ಹೋದಾಗ ಲಾರಿ ಹತ್ತಿ, ಲಾಕು ಕಚ್ಚಿಸಿ, ಶೆಡ್ಡಿನಲ್ಲಿ ಮುರಿದದ್ದನ್ನೆಲ್ಲ ಕ್ಷಣದಲ್ಲಿ ಅಂಟಿಸಲು ಇಟ್ಟುಕೊಂಡಿರುವ ಆ ಪುಟ್ಟ ಬಾಟಲಿಯ ಅಂಟನ್ನು ಕೀ ತೂತಿನೊಳಕ್ಕೆ ಬಿಟ್ಟೆ. ಬಚ್ಚಲಿಂದ ಅಪ್ಪ ‘ಸೀಗೆಪುಡಿ ಎಲ್ಲವ್ವಾ’ ಅಂತ ಕೂಗಿದ. ಬಂದೆ ಅಂತ ಓಡಿಹೋಗಿ ಬಾಗಿಲ ಸಂದಿಯಲ್ಲಿ ಕೊಟ್ಟೆ.

ಮುಂದಿನ ಶುಕ್ರವಾರ ನಾನು ಕೆಲಸಕ್ಕೆ ರಜಾ ಹಾಕಿ ಮನೆಯಲ್ಲೇ ಇದ್ದೆ. ಅಪ್ಪ ರೇಗಾಡುತ್ತಾನೆ, ಸ್ವಲ್ಪ ಹೊತ್ತು ಕೂಗಾಡಿ ಸುಮ್ಮನಾಗುತ್ತಾನೆ ಅಂತ ಲೆಕ್ಕ ಹಾಕಿದ್ದೆ. ಅವನು ಕೂಗಾಡಲೇ ಇಲ್ಲ. ಬಹಳ ಹೊತ್ತಾದ ಮೇಲೆ ಲಾರಿಯಿಂದಿಳಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ.

“ನಂದೇ ತಪ್ಪು ಕಣವ್ವ. ಆಯುಧಪೂಜೆ ದಿನ ಲಾಕಿಗೂ ಕೊಬ್ರಿ ಎಣ್ಣೆ ಬಿಟ್ಟಿದ್ದೆ. ಚಳಿಗೆ ಒಳ್ಗೇ ಎಪ್ಪುಗಟ್ಟೈತೆ.”

ನಮ್ಮ ಮನೆಯಲ್ಲಿ ಅದು ರೂಢಿ. ಆಯುಧಪೂಜೆಯ ದಿನ ಬೀಗ, ಕತ್ತರಿ, ಹೊಲಿಗೆ ಮಿಷನ್ನು, ಬಾಗಿಲ ಕೀಲು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಒಂದೊಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತೇವೆ. ಅಮ್ಮ ಮಾಡುತ್ತಿದ್ದಳು, ಅವಳು ಹೋದ ಮೇಲೆ ಅಪ್ಪ ಮಾಡುತ್ತಿದ್ದ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವುದೂ ನಿಜವೇ. ನಾನು ಹೆಣೆಯಬೇಕಿದ್ದ ಸುಳ್ಳನ್ನು ಅಪ್ಪನೇ ತಯಾರು ಮಾಡಿ ಕೈಗೆ ತಂದುಕೊಟ್ಟಿದ್ದ. ನಾನು ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇಲ್ಲ, ನನ್ನೊಳಗಿನ ಸೂಪರ್‌ವೈಸರ್ ಎದ್ದು ನಿಂತಳು. ಲಾಕಿಗೆ ಯಾರಾದರೂ ಕೊಬ್ಬರಿ ಎಣ್ಣೆ ಬಿಡುತ್ತಾರಾ, ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಅಷ್ಟೂ ಗೊತ್ತಾಗಬೇಡವಾ ಅಂತ ಗದರಿದೆ. ಅಪ್ಪ ತಲೆ ಅಲ್ಲಾಡಿಸಿ ‘ಔದು ಕಣವ್ವ, ಔದು’ ಅಂದ. ಅಂಟು ಬಿಟ್ಟದ್ದಕ್ಕಿಂತ ಈ ಗದರಿದ್ದು ನನ್ನನ್ನು ಹೆಚ್ಚು ಸುಡುತ್ತದೆ. ಅಂಟಿಗಾದರೂ ಒಂದು ಕಾರಣವಿತ್ತು.

ಆಮೇಲೆ ಅಪ್ಪನಿಗೆ ಅದೇ ಕೆಲಸವಾಯಿತು. ಬೆಳಿಗ್ಗೆ ಕಾಫಿ ಕುಡಿದವನು ಲಾರಿ ಹತ್ತಿದರೆ ಊಟಕ್ಕೆ ಕರೆಯುವ ತನಕ ಇಳಿಯುತ್ತಿರಲಿಲ್ಲ. ಸೀಮೆಎಣ್ಣೆಗೆ ಊರೆಲ್ಲ ಅಲೆದು, ಎಲ್ಲೋ ಒಂದು ಬಾಟಲಿ ಸಂಪಾದಿಸಿಕೊಂಡು ಬಂದು ಬಿಟ್ಟ. ಪೆನ್ಸಿಲ್ ಕಡ್ಡಿ ಅರೆದು ಪುಡಿ ಊದಿದ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದ. ಕೀ ಅರ್ಧಕ್ಕೆ ನಿಂತು ಮುಂದೆ ಹೋಗುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ಅವನ ಹೆಬ್ಬೆರಳ ಪಕ್ಕ ಚರ್ಮ ಸುಲಿದಿತ್ತು. ರಾತ್ರಿ ಊಟಕ್ಕೆ ಕೂತಾಗ ಸಾರಿನ ಖಾರ ಅಲ್ಲಿಗೆ ತಾಗಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ನಾನು ನೋಡಿಯೂ ನೋಡದವಳಂತೆ ಎದ್ದು ಮಜ್ಜಿಗೆ ತರಲು ಹೋಗುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಅಪ್ಪ ಲಾರಿ ಹತ್ತುವುದನ್ನೇ ಬಿಟ್ಟ. ಗ್ಯಾಸ್ ಆರಿಸಿದ್ದೀನಾ ನೋಡವ್ವ ಅಂತ ನನ್ನನ್ನು ಕೇಳಲು ಶುರು ಮಾಡಿದ. ಆರಿಸಿದ್ದ. ನಲ್ಲಿ ನಿಲ್ಲಿಸಿದ್ದೀನಾ ಅಂದ. ನಿಲ್ಲಿಸಿದ್ದ. ಅಂಗಡಿಗೆ ಹೋಗಿ ಬರುವ ದಾರಿ ಮರೆತರೆ ಅಂತ ಅಂಗಡಿಗೆ ಹೋಗುವುದನ್ನೇ ಬಿಟ್ಟ, ಹುಟ್ಟಿದ ಊರಿನಲ್ಲಿ! ತನ್ನ ಗಡ್ಡ ತಾನೇ ಕೆರೆದುಕೊಳ್ಳುತ್ತಿದ್ದವನು ಹಾಗೇ ಬೆಳೆಸಿಕೊಂಡು ಕೂತ. ಯಾಕಪ್ಪ ಅಂದರೆ, ಕೈಯಲ್ಲಿ ಬ್ಲೇಡು ಹಿಡಿಯಲು ಹೆದರಿಕೆ, ಎಣ್ಣೆ ಬಿಟ್ಟಂಗೆ ಇನ್ನೇನು ಮಾಡಿಕೊಳ್ಳುತ್ತೀನೋ ಅಂದ. ಮಾಡಿದ ಕೆಲಸ ಯಾವುದು, ಮಾಡದ್ದು ಯಾವುದು ಅಂತ ತನ್ನನ್ನು ತಾನೇ ನಂಬದೆ ಹಗಲೆಲ್ಲ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ.

ಯಾವುದೋ ಮಗು ಚಕ್ರಕ್ಕೆ ಸಿಗದಿರಲಿ ಅಂತ ಮಾಡಿದ್ದು, ಇಲ್ಲಿ ಅಪ್ಪನನ್ನೇ ನುಂಗುತ್ತಿತ್ತು. ಆಗಲೂ ನಿಜ ಹೇಳಿದೆನಾ? ಇಲ್ಲ. ಇನ್ನೊಂದು ಕಳ್ಳತನಕ್ಕೆ ಇಳಿದೆ. ಶೆಡ್ಡಿನಿಂದ ಥಿನ್ನರ್ ತಂದು, ಅಪ್ಪ ಮಧ್ಯಾಹ್ನ ಮಲಗಿದ್ದಾಗ ಸಿರಿಂಜಿನಲ್ಲಿ ಆ ತೂತಿಗೆ ಬಿಟ್ಟೆ. ಅಂಟು ಕರಗಲಿ, ಅಪ್ಪನ ಕೈಯಲ್ಲೇ ಲಾಕು ಬಿಡಲಿ, ತನ್ನ ಕೈ ಇನ್ನೂ ಗಟ್ಟಿಯಾಗಿದೆ ಅಂತ ಅವನು ನಂಬಲಿ, ನಾನು ಬಚಾವಾಗಲಿ. ಎಂಥಾ ಸೊಗಸಾದ ಉಪಾಯ ನೋಡಿ. ಆದರೆ ಅಂಟಿಗೆ ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಪೆನ್ಸಿಲ್ ಪುಡಿ ಎಲ್ಲ ಸೇರಿ ಒಳಗೆ ಎಂಥದೋ ಆಗಿತ್ತು. ಏನು ಮಾಡಿದರೂ ಕರಗಲಿಲ್ಲ.

ಯುಗಾದಿ ಹತ್ತಿರ ಬಂದಾಗ ಹಿಂದಿನ ರೂಮಿನ ಬಾಡಿಗೆಯವನನ್ನು ಕೇಳಿದೆ. ಯಾದಗಿರಿ ಕಡೆಯವನು, ಪೀಣ್ಯದಲ್ಲಿ ಫಿಟ್ಟರ್ ಕೆಲಸ. ಲಾಕು ರಿಪೇರಿಯಾಗದಿದ್ದರೂ ಪರವಾಗಿಲ್ಲ, ಕಿತ್ತೇ ಹಾಕು, ಸ್ಟೇರಿಂಗ್ ತಿರುಗಿದರೆ ಸಾಕು ಅಂದೆ. ಅವನು ರಜೆಯ ದಿನ ಬೆಳಿಗ್ಗೆ ಡ್ರಿಲ್ಲು, ಚಾಣ, ಸುತ್ತಿಗೆ ತೆಗೆದುಕೊಂಡು ಬಂದ. ಅಪ್ಪನಿಗೆ ವಿಷಯ ಹೇಳಿದಾಗ, ನಾನು ಮುಟ್ಟಲ್ಲವ್ವ, ನಾನು ಮುಟ್ಟಿದ್ದೆಲ್ಲ ಕೆಡ್ತದೆ ಅಂದು ಜಗಲಿಯಲ್ಲೇ ಕೂತ.

ಆ ಲಾಕನ್ನು ಕಂಬಕ್ಕೆ ಬಿಗಿದಿದ್ದ ಬೋಲ್ಟುಗಳಿಗೆ ತಲೆಯೇ ಇರಲಿಲ್ಲ. ಕಳ್ಳರು ಬಿಚ್ಚಬಾರದು ಅಂತ ಬಿಗಿದ ಮೇಲೆ ತಲೆ ಮುರಿದುಹಾಕುವ ಬೋಲ್ಟುಗಳಂತೆ ಅವು. ಫಿಟ್ಟರ್ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಡ್ರಿಲ್ಲಿನಿಂದ ಕೊರೆದು, ಚಾಣದಿಂದ ಕಚ್ಚು ಹೊಡೆದು, ಅದರ ಅಂಚಿಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ ತಿರುಗಿಸತೊಡಗಿದ. ಒಂದು ಬೋಲ್ಟು ಬಂತು. ಇನ್ನೊಂದು ಅಲುಗಲಿಲ್ಲ. ಒಳಗಿನ ನಾಲಿಗೆಯ ಮೇಲೆ ಸ್ಟೇರಿಂಗಿನ ಭಾರವೆಲ್ಲ ಬಿದ್ದು ಬಿಗಿಯಾಗಿದೆ, ಯಾರಾದರೂ ಸ್ಟೇರಿಂಗನ್ನು ಕೂದಲೆಳೆಯಷ್ಟು ಆಚೀಚೆ ಆಡಿಸುತ್ತಾ ಹಿಡಿಯಬೇಕು ಅಂದ. ನಾನು ಹತ್ತಿ ಹಿಡಿದೆ. ನನ್ನ ಕೈ ಒರಟು, ಎಳೆದೇಬಿಟ್ಟೆ. ಇನ್ನಷ್ಟು ಬಿಗಿಯಿತು.

“ಇಳಿಯವ್ವ ನೀನು,” ಅಂತ ಲಾರಿಯ ಬಾಗಿಲ ಬಳಿಯಿಂದ ದನಿ ಬಂತು. ಅಪ್ಪ ಯಾವಾಗ ಎದ್ದು ಬಂದಿದ್ದನೋ.

ನಾನು ಇಳಿದೆ. ಅಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಕೂತ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿಕೊಂಡು, ನಮಗೆ ಅಲುಗಿದ್ದೇ ಕಾಣದ ಹಾಗೆ ಆಡಿಸತೊಡಗಿದ. ಕೆಳಗಿನಿಂದ ಸುತ್ತಿಗೆಯ ಟಕ್ ಟಕ್. ಅಪ್ಪ ಒಮ್ಮೆ ‘ಈಗ ಹೊಡಿಯಪ್ಪ’ ಅಂದ. ಬೋಲ್ಟು ತಿರುಗಿತು, ಲಾಕು ಕಳಚಿ ಫಿಟ್ಟರಿನ ಎದೆಯ ಮೇಲೆ ಬಿತ್ತು. ಅಪ್ಪ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ಎಳೆದ, ಬಲಕ್ಕೆ ಪೂರ್ತಿ ಎಳೆದ. ಮುಂದಿನ ಚಕ್ರಗಳು ತರಗೆಲೆ ತುಳಿಯುತ್ತಾ ಕರಕರ ತಿರುಗಿದವು. ಆ ಮುಖದಲ್ಲಿ ನಗು ನೋಡಿ ಎಷ್ಟು ಕಾಲವಾಗಿತ್ತು! ಗಡ್ಡದೊಳಗಿಂದ ನಗುತ್ತಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೂ ನಕ್ಕೆ. ಮುಗಿಯಿತು, ಬಚಾವಾದೆ ಅಂದುಕೊಂಡೆ.

ಫಿಟ್ಟರ್ ಕೆಳಗಿನಿಂದ ತೆವಳಿಕೊಂಡು ಹೊರಬಂದು, ಲಾಕನ್ನು ಕಲ್ಲಿನ ಮೇಲಿಟ್ಟು ಕುಟ್ಟಿ, ಕೀ ಹೋಗುವ ಭಾಗವನ್ನು ಬಿಚ್ಚಿದ. ಒಳಗಿನಿಂದ ಹಳದಿಗಟ್ಟಿದ ಗಾಜಿನಂಥ ಒಂದು ಚೂರು ಉದುರಿತು.

“ಯಜಮಾನ್ರ, ಇದು ಜಂಗ್ ಅಲ್ರಿ. ಎಣ್ಣಿನೂ ಅಲ್ಲ. ಯಾರೋ ಬೇಕಂತ ಅಂಟು ಹಾಕ್ಯಾರ ನೋಡ್ರಿ.”

ಅಪ್ಪ ಲಾರಿಯಿಂದ ಇಳಿದು ಬಂದು ಕೈ ಚಾಚಿದ. ಆ ಚೂರನ್ನು ಹೆಬ್ಬೆರಳಿನಿಂದ ತಿಕ್ಕಿದ. ಮೂಗಿನ ಹತ್ತಿರ ಹಿಡಿದು ಮೂಸಿದ. ನಾನು ಹಾಕಿದ ಥಿನ್ನರ್ ವಾಸನೆ ಅದರಲ್ಲಿ ಇದ್ದೇ ಇತ್ತು. ಸಂಜೆ ಕೆಲಸದಿಂದ ಬಂದ ನನ್ನ ಬಟ್ಟೆಯಲ್ಲಿ, ತಲೆಗೂದಲಲ್ಲಿ ಅವನು ಇಷ್ಟು ವರ್ಷ ಮೂಸಿದ ಅದೇ ವಾಸನೆ. ಅಪ್ಪ ನನ್ನ ಕಡೆ ತಿರುಗಲಿಲ್ಲ.

“ನಾನೇ ಏನೋ ಬಿಟ್ಟಿರ್ತೀನಿ ಕಣಪ್ಪ,” ಅಂದ ಅವನಿಗೆ. “ವಯ್ಸಾಯ್ತಲ್ಲ, ಗ್ಯಾನ ಇರಲ್ಲ.”

ಫಿಟ್ಟರ್ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಸಾಮಾನು ಚೀಲಕ್ಕೆ ತುಂಬಿಕೊಂಡ. ಬಿಸಿಲು ಜಾಸ್ತಿಯಾಯಿತು, ಒಂದು ಲೋಟ ನೀರು ಕುಡಿದು ಹೋಗುತ್ತೀನಿ ಅಂದ. ನಾನು ನೀರು ತಂದುಕೊಟ್ಟೆ. ಕುಡಿದು ಹಿಂದಿನ ರೂಮಿಗೆ ಹೋದ.

ಅವನು ಹೋದ ಮೇಲೂ ಅಪ್ಪ ಲಾರಿಯ ಮೂತಿಗೆ ಒರಗಿಕೊಂಡು ಹಾಗೇ ನಿಂತಿದ್ದ. ಆಮೇಲೆ ಹೇಳಿದ, “ಕೇಳಿದ್ರೆ ಕೀ ಕೊಟ್ಬಿಡ್ತಿದ್ನಲ್ಲವ್ವ.”

ತಪ್ಪಾಯಿತು ಅಂತ ಕಾಲು ಹಿಡಿಯಬೇಕಾದ ಜಾಗದಲ್ಲಿ ನನ್ನ ಹಾಳು ಸಿಟ್ಟು ಬಾಯಿಗೆ ಬಂತು. “ಕೊಡ್ತಿರಲಿಲ್ಲ ನೀನು. ಜಗಳಕ್ಕೆ ಬರ್ತಿದ್ದೆ.”

“ಬತ್ತಿದ್ದೆ. ಆಮೇಲೆ ಕೊಡ್ತಿದ್ದೆ.” ಕೈಯಲ್ಲಿದ್ದ ಚೂರನ್ನು ನೋಡುತ್ತಾ ಅಂದ, “ನಂಗೆ ತಲೆ ಕೆಟ್ಟೋಯ್ತು ಅಂದ್ಕಂಡಿದ್ದೆ ಕಣವ್ವ. ನಿಂಗೆ ಒರೆ ಆಗೋಕ್ ಮುಂಚೆ ಓಗ್ಬಿಡಬೇಕು ಅಂತ ದಿನಾ ದೇವ್ರನ್ನ ಕೇಳ್ತಿದ್ದೆ.”

ನಾನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತೆ. ಡಾಕ್ಟರು ಹೇಳಿದ್ದು, ಆ ಸ್ಕೂಟರಿನ ಮಗು, ಸೀಗೆಪುಡಿ, ಸಿರಿಂಜು ಎಲ್ಲ ಬಾಯಿಬಿಟ್ಟೆ. ಅಳುತ್ತಾ ಹೇಳಿದ್ದು ಅವನಿಗೆ ಎಷ್ಟು ಅರ್ಥವಾಯಿತೋ. ಅಪ್ಪ ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ‘ಏಳು, ಅನ್ನಕ್ಕೆ ಇಡೋಗು’ ಅಂದ. ಮಾರನೆಯ ದಿನ ತಾನೇ ಫಿಟ್ಟರನ್ನು ಕರೆದು ಲಾರಿಯ ಬ್ಯಾಟರಿ ಬಿಚ್ಚಿಸಿ ಒಳಗಿಡಿಸಿದ. ಗಡ್ಡ ಕೆರೆದುಕೊಂಡ. ಅಂಗಡಿಗೆ ಹೋಗಿ ಬಂದ. ಗ್ಯಾಸು, ನಲ್ಲಿ ಅಂತ ಕೇಳುವುದು ಅವತ್ತಿಗೆ ನಿಂತಿತು. ನೋಡಿದವರು ಎಲ್ಲ ಸರಿಹೋಯಿತು ಅನ್ನಬೇಕು, ಹಾಗಿದ್ದಾನೆ.

ಅಪ್ಪನ ಕಣ್ಣಿಗೆ ಬೆಳಿಗ್ಗೆ ಸಂಜೆ ಔಷಧಿ ಬಿಡುವುದು ನಾನೇ. ಅವನು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಾನೆ, ನಾನು ರೆಪ್ಪೆ ಬಿಡಿಸಿ ಒಂದೊಂದು ತೊಟ್ಟು ಬಿಡುತ್ತೇನೆ. ಲಾಕು ಕಿತ್ತ ದಿನದ ಸಂಜೆಯೂ ಬಾಟಲಿ ತೆಗೆದುಕೊಂಡು ಹೋದೆ. ಅಪ್ಪ ತಲೆ ಹಿಂದಕ್ಕೆ ಚೆಲ್ಲಿದವನು ಮತ್ತೆ ನೆಟ್ಟಗೆ ಕೂತು, ನನ್ನ ಕೈಯಿಂದ ಬಾಟಲಿ ಇಸಿದುಕೊಂಡ. ಮುಚ್ಚಳ ತೆಗೆದು ಮೂಸಿದ. ಆಮೇಲೆ ವಾಪಸ್ ಕೊಟ್ಟು, ‘ಬಿಡವ್ವ’ ಅಂತ ತಲೆ ಚೆಲ್ಲಿದ. ಈಗಲೂ ದಿನಾ ಮೂಸಿಯೇ ಕೊಡುತ್ತಾನೆ. ನಾನು ಕೈ ಚಾಚಿಕೊಂಡು ಕಾಯುತ್ತೇನೆ.